ಎಣ್ಣೆಗೆಂಪಿನ ಬೆನ್ನು ಹತ್ತಿ

ನಮ್ಮ ಅಜ್ಜಿಗೆ ಮೈಬಣ್ಣಗಳ ದೊಡ್ಡ ಪಟ್ಟಿಯೇ ಇತ್ತು. ಹಾಲಿನಂಥವಳು, ಗೋಧಿ ಬಣ್ಣದವಳು, ನಸುಗಪ್ಪು, ಕಪ್ಪು ಎಂದು ಮೆಟ್ಟಿಲಿಳಿಯುತ್ತ ಬಂದವಳು ನಡುವೆ ಎಲ್ಲೋ ಒಂದು ಕಡೆ ನಿಂತು 'ಎಣ್ಣೆಗೆಂಪು' ಎನ್ನುತ್ತಿದ್ದಳು. ಹಾಗೆನ್ನುವಾಗ ಅವಳ ದನಿಗೆ ಬೇರೆ ಬಣ್ಣಗಳಿಗೆ ಸಿಗದ ಒಂದು ಮೆಚ್ಚುಗೆ ಬರುತ್ತಿತ್ತು. ಆ ಪದ ಏನು ಹೇಳುತ್ತಿದೆ ಎಂದು ನಾನು ಯೋಚಿಸಿದ್ದು ಕ್ಯಾಮೆರಾ ಹಿಡಿದು ಹನ್ನೆರಡು ವರ್ಷವಾದ ಮೇಲೆ. ಗೋಧಿ, ಹಾಲು ಎಂದರೆ ಬರೀ ಬಣ್ಣ. ಎಣ್ಣೆಗೆಂಪು ಎಂದರೆ ಬಣ್ಣದ ಜೊತೆಗೆ ಅದರ ಮೇಲೆ ಬಿದ್ದ ಬೆಳಕೂ ಸೇರಿತು. ಕೆಂಪು ಒಳಗಿನದು, ಎಣ್ಣೆ ಮೇಲಿನದು. ಫೋಟೋ ತೆಗೆಯುವವಳಿಗೆ ಒಂದೇ ಪದದಲ್ಲಿ ಇಷ್ಟು ಸೂಚನೆ ಬೇರೆಲ್ಲಿ ಸಿಗುತ್ತದೆ?

ನಾನು ಕಲಿತ ವಿದ್ಯೆ ಮಾತ್ರ ಇದಕ್ಕೆ ತದ್ವಿರುದ್ಧವಾದದ್ದು. ಅರಸೀಕೆರೆಯಲ್ಲಿ ನನ್ನ ಸೋದರಮಾವನ ಸ್ಟುಡಿಯೋ ಇತ್ತು. ಒಳಗೆ ಕಾಲಿಟ್ಟ ಕೂಡಲೇ ಒಂದು ಕನ್ನಡಿ, ಯಾರೂ ಒಯ್ಯದಂತೆ ಮೊಳೆಗೆ ದಾರ ಕಟ್ಟಿದ ಬಾಚಣಿಗೆ, ಒಂದು ಪೌಡರ್ ಡಬ್ಬಿ. ಕುಳಿತವರ ಹಣೆ ಹೊಳೆದರೆ ಮಾವ ಡಬ್ಬಿಯತ್ತ ಕೈ ತೋರಿಸುತ್ತಿದ್ದರು, ಅಷ್ಟೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಓರೆಯಾಗಿ ನಿಲ್ಲಿಸಿದ ಹಾಲುಗಾಜಿನ ಮೇಲೆ ನೆಗೆಟಿವ್ ಇಟ್ಟು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ಚುಕ್ಕಿ ಚುಕ್ಕಿಯಾಗಿ ತಿದ್ದುತ್ತಿದ್ದರು. ನೆಗೆಟಿವ್‌ನಲ್ಲಿ ಕಪ್ಪು ಸೇರಿಸಿದಷ್ಟೂ ಪ್ರಿಂಟ್‌ನಲ್ಲಿ ಬಿಳುಪು. ಮುಖವೆಲ್ಲ ತಿಳಿಯಾಗಬೇಕಾದರೆ ಸಣ್ಣ ಕುಂಚದಲ್ಲಿ ತೆಳುವಾಗಿ ಕೆಂಪು ಬಣ್ಣ ಸವರುತ್ತಿದ್ದರು; ಆ ಕೆಂಪು ಬೆಳಕನ್ನು ತಡೆದು ಕಾಗದದ ಮೇಲೆ ಬೆಳ್ಳಗಾಗುತ್ತಿತ್ತು. ಗಂಡಿನ ಕಡೆಗೆ ಕಳಿಸುವ ಫೋಟೋ ಎಂದು ಗೊತ್ತಾದರೆ ಯಾರೂ ಕೇಳುವ ಮೊದಲೇ ಪೆನ್ಸಿಲ್ ಚೂಪಾಗಿರುತ್ತಿತ್ತು. ನಾನು ಬೆರಗಿನಿಂದ ನೋಡುತ್ತಿದ್ದೆ. ಅದರಲ್ಲಿ ತಪ್ಪೇನಿದೆ ಎಂದು ಹೊಳೆಯುವ ವಯಸ್ಸಲ್ಲ ಅದು.

ಹೋದ ವರ್ಷ ಬೆಂಗಳೂರಿನಲ್ಲಿ ನಾವು ನಾಲ್ವರು ಸೇರಿ ಒಂದು ಬ್ಯೂಟಿ ಶೂಟ್ ಮಾಡಿದೆವು. ಮೇಕಪ್ ಮಾಡುವವರೊಬ್ಬರು, ಕೂದಲು ಕಟ್ಟುವವರೊಬ್ಬರು, ಮುಖ ಕೊಡುವವರೊಬ್ಬರು, ನಾನು. ಯಾರೂ ಯಾರಿಗೂ ಹಣ ಕೊಡುವುದಿಲ್ಲ. ಎಲ್ಲರಿಗೂ ತಮ್ಮ ಕೆಲಸ ತೋರಿಸಿಕೊಳ್ಳಲು ಚಿತ್ರಗಳು ಸಿಗುತ್ತವೆ. ಫ್ಯಾಷನ್ ಲೋಕದಲ್ಲಿ ಇದಕ್ಕೆ ಏನೇನೋ ಸಂಕ್ಷಿಪ್ತ ಹೆಸರುಗಳಿವೆ. ನನಗೆ ನೆನಪಾಗುವುದು ಮುಯ್ಯಾಳು. ಇವತ್ತು ನಿಮ್ಮ ಹೊಲದ ಕಳೆ ನಾವು ಕೀಳುತ್ತೇವೆ, ನಾಳೆ ನಮ್ಮದಕ್ಕೆ ನೀವು ಬನ್ನಿ. ಒಂದೇ ತೊಡಕೆಂದರೆ ಮುಯ್ಯಾಳಿನಲ್ಲಿ ಅವರವರ ಹೊಲ ಅವರವರದು. ಇಲ್ಲಿ ಹೊಲ ಒಂದೇ, ಅದೂ ಇನ್ನೊಬ್ಬಳ ಮುಖ, ಬಿತ್ತುವವರು ಮೂವರು, ಮೂವರಿಗೂ ಬೇರೆ ಬೇರೆ ಬೆಳೆ ಬೇಕು. ಮೇಕಪ್ ಕಲಾವಿದೆಗೆ ಮದುವಣಗಿತ್ತಿಯರನ್ನು ಸೆಳೆಯುವ ನುಣುಪು ಬೇಕು. ಕೂದಲಿನವರಿಗೆ ಜಡೆ ಚೌಕಟ್ಟಿನೊಳಗೆ ಪೂರ್ತಿ ಕಾಣಬೇಕು, ನನಗೆ ಗದ್ದದಿಂದ ಹಣೆಯವರೆಗೆ ಮಾತ್ರ ಸಾಕು. ರೂಪದರ್ಶಿಗೆ ಏನು ಬೇಕು ಎಂದು ಕೇಳುವುದನ್ನೇ ಹೆಚ್ಚಿನ ಕಡೆ ಮರೆಯುತ್ತಾರೆ. ನಾನೂ ಹಿಂದೆ ಎರಡು ಬಾರಿ ಮರೆತಿದ್ದೇನೆ.

ಹಣವಿಲ್ಲದ ಕೆಲಸಕ್ಕೇ ಬರೆದ ಒಪ್ಪಂದ ಹೆಚ್ಚು ಬೇಕು ಎಂಬುದು ನನ್ನ ಅನುಭವ. ಹಣ ಕೊಟ್ಟವರಿಗೆ ಏನು ಕೊಂಡೆವೆಂಬ ಅಂದಾಜಾದರೂ ಇರುತ್ತದೆ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವರು. ಹಣ ಕೊಟ್ಟು ತೆಗೆಸಿದ್ದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಮೊದಲ ಹಕ್ಕು ತೆಗೆಸಿದವರದು. ಹಣವೇ ಓಡಾಡದ ನಮ್ಮಂಥ ಶೂಟ್‌ನಲ್ಲಿ ಹಕ್ಕು ಪೂರ್ತಿ ನನ್ನ ಪಾಲಿಗೆ ಬಂದು ಬೀಳುತ್ತದೆ. ಎರಡು ಗಂಟೆ ಕುಂಚ ಆಡಿಸಿದವರಿಗಾಗಲಿ, ಮುಖವಿರುವವಳಿಗಾಗಲಿ ಏನೂ ಇಲ್ಲ. ಕಾನೂನು ಕೊಟ್ಟದ್ದನ್ನೆಲ್ಲ ಇಟ್ಟುಕೊಂಡರೆ ಮುಯ್ಯಾಳಿಗೆ ಅರ್ಥವಿಲ್ಲ. ಆದ್ದರಿಂದ ಒಂದು ಪುಟದಲ್ಲಿ ಕನ್ನಡದಲ್ಲೇ ಬರೆದುಕೊಂಡೆವು. ನಾಲ್ವರಿಗೂ ಆರು ಚಿತ್ರ, ಇಪ್ಪತ್ತು ದಿನದೊಳಗೆ. ಯಾವ ಆರು ಎಂಬ ಆಯ್ಕೆಯಲ್ಲಿ ರೂಪದರ್ಶಿಗೆ ಬೇಡವೆನ್ನುವ ಅಧಿಕಾರ. ಯಾರೂ ಮೇಲೆ ಫಿಲ್ಟರ್ ಹಾಕುವಂತಿಲ್ಲ, ಮುಖ ಬೆಳ್ಳಗೆ ಮಾಡುವಂತಿಲ್ಲ. ಬಿಳುಪಿನ ಕ್ರೀಮು, ಸೋಪುಗಳ ಪ್ರಚಾರಕ್ಕೆ ಕೊಡುವಂತಿಲ್ಲ. ಐದು ಗಂಟೆಯ ಸ್ಟುಡಿಯೋ ಬಾಡಿಗೆ 4,500 ರೂಪಾಯಿಯನ್ನು ರೂಪದರ್ಶಿಯನ್ನು ಬಿಟ್ಟು ಉಳಿದ ಮೂವರು ಹಂಚಿಕೊಳ್ಳುವುದು. ಕೊನೆಯದು ನನ್ನ ಹಟ.

ಯೋಜನೆ ಹಾಕಲು ಮಾಡಿಕೊಂಡ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊದಲ ವಾರ ನೂರಾರು ಚಿತ್ರಗಳು ಬಂದು ಬಿದ್ದವು. ಎಲ್ಲ ವಿದೇಶಿ ಪತ್ರಿಕೆಗಳ ಮುಖಗಳು, ಎಲ್ಲದರಲ್ಲೂ ಬೆಳಕು ಒಂದೇ ಬಗೆ: ಮುಖದ ನೇರಕ್ಕೆ ಸ್ವಲ್ಪ ಮೇಲಿಂದ ಒಂದು ದೀಪ, ಕೆಳಗಿನಿಂದ ಅದನ್ನು ಮೇಲಕ್ಕೆಸೆಯುವ ಬಿಳಿ ಹಲಗೆ. ಮೂಗಿನ ಕೆಳಗೆ ಚಿಟ್ಟೆಯಾಕಾರದ ಪುಟ್ಟ ನೆರಳು. 1930ರ ದಶಕದ ಹಾಲಿವುಡ್ ತಾರೆಯರ ಕಾಲದಿಂದ ನಡೆದುಬಂದ ಕ್ರಮ ಅದು, ಕೆಟ್ಟದ್ದೇನಲ್ಲ. ನಾನು ಮಾತ್ರ ಗುಂಪಿಗೆ ಕಳಿಸಿದ್ದು ಬೇಲೂರಿನ ಒಂದು ಕಂಬದ ಚಿತ್ರ. "ಅಕ್ಕ, ತಪ್ಪಿ ಬಂತಾ?" ಎಂದು ಮೇಕಪ್ ಕಲಾವಿದೆ ಕೇಳಿದರು.

ತಪ್ಪಿ ಬಂದದ್ದಲ್ಲ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ನವರಂಗಕ್ಕೆ ಬಿಸಿಲಿನಿಂದ ಹೊಕ್ಕರೆ ಕ್ಷಣಕಾಲ ಏನೂ ಕಾಣುವುದಿಲ್ಲ. ಆಮೇಲೆ ಕಾಣುವುದು ಕಂಬಗಳಲ್ಲ, ಕಂಬಗಳ ಮೇಲಿನ ಬೆಳಕಿನ ಗೆರೆಗಳು. ಬಳಪದ ಕಲ್ಲನ್ನು ತಿರುಗಣೆಯಲ್ಲಿ ತಿರುಗಿಸಿ ಕನ್ನಡಿಯಂತೆ ಮಾಡಿದ ಆ ಕಂಬಗಳ ಪ್ರತಿ ಬಳೆ, ಪ್ರತಿ ಕೊರಕಲು ಬಾಗಿಲಿನಿಂದ ಬಂದ ಹೊಳಪಿನಿಂದಲೇ ನಮಗೆ ತಿಳಿಯುವುದು. ಹೊಳಪನ್ನು ಒರೆಸಿಬಿಟ್ಟರೆ ಕತ್ತಲಲ್ಲಿ ಕತ್ತಲು ಮಾತ್ರ. ಎಲ್ಲರೂ ಹೊರಗಿನ ದರ್ಪಣ ಸುಂದರಿಯ ಎದುರು ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕನ್ನಡಿ ಹಿಡಿದ ಆಕೆಗಿಂತ ಕನ್ನಡಿಯೇ ಆಗಿರುವ ಕಂಬ ನನಗೆ ಹೆಚ್ಚು ಕಲಿಸಿದೆ.

ವಿಷಯ ಇಷ್ಟೆ. ತೆಳು ಬಣ್ಣದ ಚರ್ಮದ ಮೇಲೆ ಮುಖದ ಉಬ್ಬುತಗ್ಗು ಗೊತ್ತಾಗುವುದು ನೆರಳಿನಿಂದ. ಗಾಢ ಬಣ್ಣದ ಚರ್ಮದ ಮೇಲೆ ನೆರಳು ಅಷ್ಟಾಗಿ ಎದ್ದು ಕಾಣುವುದಿಲ್ಲ. ಅಲ್ಲಿ ಆಕಾರವನ್ನು ಹೇಳುವುದು ಹೊಳಪು. ಚರ್ಮದ ಒಳಹೊಕ್ಕು ಬರುವ ಬೆಳಕಿನಲ್ಲಿ ಹೆಚ್ಚಿನಂಶವನ್ನು ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೀರಿಕೊಳ್ಳುತ್ತದೆ. ಚರ್ಮದ ಮೇಲ್ಮೈಯಿಂದಲೇ ಪುಟಿದು ಬರುವ ಬೆಳಕಿಗೆ ಮೆಲನಿನ್ ಹಂಗಿಲ್ಲ, ಅದು ಎಲ್ಲರ ಮುಖದಲ್ಲೂ ಹೆಚ್ಚುಕಡಿಮೆ ಒಂದೇ. ಹಿಂದೆ ಇರುವುದು ಗಾಢವಾದಷ್ಟೂ ಆ ಪುಟಿದ ಬೆಳಕು ಎದ್ದು ಕಾಣುತ್ತದೆ. ಅದು ಕೇರಂ ಸ್ಟ್ರೈಕರ್ ಇದ್ದಹಾಗೆ, ಬಂದ ಓರೆಯಲ್ಲೇ ಆಚೆ ಹೋಗುತ್ತದೆ. ಅಂದರೆ ಚರ್ಮದ ಮೇಲೆ ಕಾಣುವ ಹೊಳಪು ದೀಪದ್ದೇ ಪ್ರತಿಬಿಂಬ: ದೀಪ ಚಿಕ್ಕದಿದ್ದರೆ ಮೂಗಿನ ತುದಿಯಲ್ಲಿ ಬೆವರಿನಂಥ ಚುಕ್ಕಿ, ದೀಪ ಉದ್ದವಿದ್ದರೆ ಕೆನ್ನೆಯುದ್ದಕ್ಕೂ ರೇಷ್ಮೆಯ ಅಂಚು. ಪೌಡರ್ ಹಚ್ಚಿ ಅದನ್ನು ಕೊಂದು, ಆಮೇಲೆ ಮುಖ ಚಪ್ಪಟೆಯಾಯಿತೆಂದು ದೀಪ ಜೋರು ಮಾಡಿ, ಬಣ್ಣವೇ ತೆಳುವಾಗುವಷ್ಟು ಬೆಳಕು ಸುರಿಯುವುದು — ಮದುವೆ ಮಂಟಪಗಳಲ್ಲಿ ನಾವು ವರ್ಷಗಟ್ಟಲೆ ಮಾಡಿಕೊಂಡು ಬಂದದ್ದು ಇದನ್ನೇ.

ಹಿನ್ನೆಲೆಗೆ ಬಿಳಿ ಬೇಡವೆಂದು ನಿರ್ಧರಿಸಿ ಚಿಕ್ಕಪೇಟೆಯಲ್ಲಿ ವೀಳ್ಯದೆಲೆಯ ಹಸಿರಿನ ಬಟ್ಟೆ ಮೂರು ಮೀಟರ್ ತಂದೆ. ಹಸಿರಿನ ಮಗ್ಗುಲಲ್ಲಿ ಕೆಂಪು ತಾನಾಗಿ ಎದ್ದು ಬರುತ್ತದೆ. ಎಲೆಯಡಿಕೆ ತಟ್ಟೆ ನೋಡಿದವರಿಗೆ ಬಣ್ಣದ ಶಾಸ್ತ್ರ ಹೇಳಬೇಕಿಲ್ಲ. ರೂಪದರ್ಶಿಗೆ ಕಳಿಸಿದ ಸೂಚನೆ ಚಿಕ್ಕದು: ಐಬ್ರೋ, ವ್ಯಾಕ್ಸಿಂಗ್ ಏನಿದ್ದರೂ ಮೂರು ದಿನ ಮೊದಲೇ ಮುಗಿಸಿ, ಹಿಂದಿನ ದಿನ ಬೇಡ, ಕೆಂಪು ಗುಳ್ಳೆ ಏಳುತ್ತವೆ. ಹೊಸ ಕ್ರೀಮು ಯಾವುದನ್ನೂ ಆ ವಾರ ಶುರು ಮಾಡಬೇಡಿ. ಅಂದು ಬೆಳಗ್ಗೆ ಸನ್‌ಸ್ಕ್ರೀನ್ ಹಚ್ಚಬೇಡಿ, ಅದರಲ್ಲಿರುವ ಟೈಟಾನಿಯಂ ಡಯಾಕ್ಸೈಡ್ ಫ್ಲ್ಯಾಶ್‌ನಲ್ಲಿ ಬೂದಿ ಬಳಿದಂತೆ ಕಾಣಬಹುದು. ಮೇಕಪ್ ಕಲಾವಿದೆ ಹದಿನೈದು ದಿನ ಮೊದಲೇ ಆಕೆಯ ಕಿವಿಯ ಹಿಂದೆ ಫೌಂಡೇಶನ್ ಹಚ್ಚಿ ಅಲರ್ಜಿ ಇಲ್ಲವೆಂದು ಖಾತ್ರಿ ಮಾಡಿಕೊಂಡಿದ್ದರು.

ಇಷ್ಟೆಲ್ಲ ಮಾಡಿದ ಮೇಲೂ ಮೊದಲ ಚಿತ್ರ ಬೂದಿ ಬಳಿದಂತೆಯೇ ಬಂತು.

ರೂಪದರ್ಶಿ ತುಮಕೂರಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುವವರು. ಬೆಳಗಿನ ರೈಲಿಗೆ ತಾಯಿಯ ಜೊತೆ ಬಂದಿದ್ದರು. ಕೂದಲು ಒಂದೂವರೆ ಗಂಟೆ, ಜೊತೆಜೊತೆಗೇ ಮೇಕಪ್. ಲಿಪ್‌ಸ್ಟಿಕ್ ಹಚ್ಚುವ ಮೊದಲು ಎರಡು ಇಡ್ಲಿ, ಆಮೇಲೆ ಮಧ್ಯಾಹ್ನದವರೆಗೆ ಸ್ಟ್ರಾದಲ್ಲಿ ನೀರು ಮಾತ್ರ. "ಗೊಂಬೆ ಹಬ್ಬದ ಪಟ್ಟದ ಗೊಂಬೆಗಾದರೂ ಆರತಿ ಎತ್ತಿ ತಿಂಡಿ ಇಡುತ್ತಾರೆ" ಎಂದು ಆಕೆ ನಕ್ಕರು. ಎಲ್ಲ ಮುಗಿಸಿ ದೀಪದ ಎದುರು ಕೂರಿಸಿ ಒಂದು ಚಿತ್ರ ತೆಗೆದು ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ. ಕನ್ನಡಿಯಲ್ಲಿ ಹಾಗಿರಲಿಲ್ಲ. ಕಾರಣ ಹುಡುಕಲು ಹತ್ತು ನಿಮಿಷ ಹಿಡಿಯಿತು: ಸ್ಟುಡಿಯೋದ ಕನ್ನಡಿಯ ಸುತ್ತ ಇದ್ದದ್ದು ಹಳದಿ ಬಲ್ಬುಗಳು. ಆ ಹಳದಿಯಲ್ಲಿ ಫೌಂಡೇಶನ್ ಚಿನ್ನದಂತೆ ಕಂಡಿದೆ. ಫ್ಲ್ಯಾಶ್‌ನ ಬೆಳಕು ಹಗಲಿನ ಬೆಳಕಿನಂತೆ ಬಿಳಿ. ಅದರಲ್ಲಿ ಫೌಂಡೇಶನ್ನಿನೊಳಗಿನ ಬಿಳಿ ಪುಡಿ ಬಯಲಾಯಿತು. ಮೇಕಪ್ ಯಾವ ಬೆಳಕಿನಲ್ಲಿ ನಡೆಯುತ್ತದೆ ಎಂದು ಮೊದಲೇ ನೋಡಬೇಕಾದವಳು ನಾನು. ಉಳಿದವರು ಯಾರೂ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಮೇಕಪ್ ಕಲಾವಿದೆ ಎಲ್ಲವನ್ನೂ ಒರೆಸಿದರು. ಕುರ್ಚಿಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು, ಕಣ್ಣಿನ ಕೆಳಗೆ ಕಪ್ಪು ಮರೆಸುವ ಕಿತ್ತಳೆ ಬಣ್ಣದ ಕರೆಕ್ಟರ್ ಮಾತ್ರ ತೆಳುವಾಗಿ ಇಟ್ಟು, ಎರಡು ಗಾಢ ಶೇಡುಗಳನ್ನು ಅಂಗೈ ಹಿಂದೆ ಬೆರೆಸಿ ದವಡೆಯಿಂದ ಕುತ್ತಿಗೆಗೆ ಎಳೆದು ನೋಡಿದರು. "ನನ್ನ ಪೆಟ್ಟಿಗೆಯಲ್ಲಿ ಬೆಳ್ಳನೆಯ ಶೇಡು ಒಂಬತ್ತಿವೆ, ಇವರ ಬಣ್ಣಕ್ಕೆ ಇರುವುದು ಎರಡೇ. ಅಂಗಡಿಗಳಲ್ಲಿ ಸಿಗುವುದೇ ಹಾಗೆ, ಅಕ್ಕ" ಎಂದರು, ತಮಗೆ ತಾವೇ ಹೇಳಿಕೊಂಡಂತೆ. ನನಗೆ ಫಿಲ್ಮ್ ಕಂಪನಿ ಕೊಡಾಕ್‌ನ ಹಳೆಯ ಕಾರ್ಡುಗಳು ನೆನಪಾದವು. 1950ರ ದಶಕದಿಂದ ಪ್ರಿಂಟ್ ಮಾಡುವ ಲ್ಯಾಬುಗಳಿಗೆ ಬಣ್ಣ ಸರಿಹೊಂದಿಸಿಕೊಳ್ಳಲು 'ಶರ್ಲಿ ಕಾರ್ಡ್' ಎಂಬ ಮಾದರಿ ಚಿತ್ರ ಬರುತ್ತಿತ್ತು. ಅದರಲ್ಲಿದ್ದದ್ದು ಬಿಳಿಯ ಹೆಣ್ಣು. ಅವಳ ಮುಖ ಸರಿ ಬಂದರೆ ಯಂತ್ರ ಸರಿಯಿದೆ ಎಂದು ಲೆಕ್ಕ. ಕಂದು ಬಣ್ಣಗಳ ನಡುವಿನ ವ್ಯತ್ಯಾಸವನ್ನು ಆ ಫಿಲ್ಮುಗಳು ಹಿಡಿಯುತ್ತಿಲ್ಲವೆಂಬ ದೂರಿಗೆ ಕಂಪನಿ ಕಿವಿಗೊಟ್ಟದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಮಾರುವವರು ತಮ್ಮ ಸರಕು ಚಿತ್ರದಲ್ಲಿ ಸರಿಯಾಗಿ ಕಾಣುತ್ತಿಲ್ಲ ಎಂದಾಗ. ಮನುಷ್ಯರು ಹೇಳಿದಾಗಲ್ಲ, ಮೇಜು ಕುರ್ಚಿಗಳ ಪರವಾಗಿ ಹೇಳಿದಾಗ! ಮಾವನ ಸ್ಟುಡಿಯೋಕ್ಕೆ ಕಲರ್ ಫಿಲ್ಮ್ ಬಂದ ಮೇಲೂ ಗುಂಪು ಫೋಟೋಗಳಲ್ಲಿ ಕೆಲವರ ಮುಖದಲ್ಲಿ ಹಲ್ಲು ಕಣ್ಣು ಮಾತ್ರ ಉಳಿಯುತ್ತಿದ್ದುದು ಮಾವನ ಕೈಯ ತಪ್ಪು ಎಂದೇ ನಾವೆಲ್ಲ ನಂಬಿದ್ದೆವು. ಮಾವನೂ ನಂಬಿದ್ದರು.

ಎರಡನೆಯ ಬಾರಿಯ ಮೇಕಪ್ ಮುಗಿಯುವ ಹೊತ್ತಿಗೆ ನಾನು ದೀಪಗಳನ್ನು ಬದಲಿಸಿದ್ದೆ. ಬ್ಯೂಟಿ ಡಿಶ್ ಎಂಬ ಐವತ್ತೈದು ಸೆಂಟಿಮೀಟರಿನ ತಟ್ಟೆದೀಪವನ್ನು ಇಳಿಸಿ, ಬೆಳಕನ್ನು ಹರಡಿ ಮೆತ್ತಗಾಗಿಸುವ, 120 ಸೆಂಟಿಮೀಟರಿನ ಎಂಟು ಮೂಲೆಯ ಸಾಫ್ಟ್‌ಬಾಕ್ಸ್ ಮೇಲೇರಿಸಿದೆ. ಎಡಬಲಕ್ಕೆ, ಆಕೆಯ ಭುಜದಿಂದ ತುಸು ಹಿಂದಕ್ಕೆ, ಉದ್ದನೆಯ ಎರಡು ಕಿರುಅಗಲದ ಸಾಫ್ಟ್‌ಬಾಕ್ಸ್‌ಗಳು: ಬೇಲೂರಿನ ಬಾಗಿಲುಗಳು. ಗದ್ದದ ಕೆಳಗೆ ಬೆಳಕನ್ನು ಮೇಲೆಸೆಯಲು ನಲವತ್ತು ರೂಪಾಯಿಯ ಥರ್ಮೋಕೋಲ್ ಹಲಗೆ, ಆಕೆಯೇ ತೊಡೆಯ ಮೇಲೆ ಹಿಡಿದುಕೊಂಡಿದ್ದರು. ತೀರ ಹತ್ತಿರದಿಂದ ತೆಗೆಯಲು ಬರುವ ಮ್ಯಾಕ್ರೋ ಲೆನ್ಸ್ ಹಾಕಿದೆ. ಬೂದು ಕಾರ್ಡ್ ಹಿಡಿಸಿ ಬಣ್ಣ ಹೊಂದಿಸಿಕೊಂಡೆ. ಇವೆಲ್ಲ ಫೋಟೋ ತೆಗೆಯುವವರೆಲ್ಲರಿಗೂ ಗೊತ್ತಿರುವ ಲೆಕ್ಕ.

ಗೊತ್ತಿಲ್ಲದೆ ಇದ್ದದ್ದು ಎಣ್ಣೆ. ಕೊಬ್ಬರಿ ಎಣ್ಣೆ ಹಚ್ಚೋಣವೆಂದೆ, ಮೇಕಪ್ ಕಲಾವಿದೆ ನನ್ನನ್ನು ಅಡುಗೆ ಬಾರದವಳನ್ನು ನೋಡುವಂತೆ ನೋಡಿದರು. ಎಣ್ಣೆ ಬಿದ್ದ ಜಾಗದಲ್ಲಿ ಫೌಂಡೇಶನ್ ಒಡೆದು ಜಾರುತ್ತದೆ. ಕೊನೆಗೆ ಕೆನ್ನೆಯ ಮೂಳೆ, ಮೂಗಿನ ಸೇತುವೆ, ಹುಬ್ಬಿನ ಮೇಲ್ಭಾಗ, ಈ ಮೂರು ಕಡೆ ಫೌಂಡೇಶನ್ ಇಲ್ಲವೇ ಇಲ್ಲ ಎನ್ನುವಷ್ಟು ತೆಳುಮಾಡಿ, ಹಗುರವಾದ ಫೇಸ್ ಆಯಿಲ್‌ನ ಒಂದೊಂದು ಹನಿಯನ್ನು ಉಂಗುರದ ಬೆರಳಿನಿಂದ ಒತ್ತಿದರು. ಉಜ್ಜಲಿಲ್ಲ, ಒತ್ತಿದರು. ಅಷ್ಟಕ್ಕೇ ಪರದೆಯ ಮೇಲೆ ಮುಖ ತಿರುಗಿಕೊಂಡು ಈಚೆ ಬಂತು. ನರಕ ಚತುರ್ದಶಿಯ ಬೆಳಗ್ಗೆ ಎಣ್ಣೆ ಒತ್ತಿಸಿಕೊಂಡು, ನೀರು ಹುಯ್ಯಿಸಿಕೊಳ್ಳಲು ಕಾಯುತ್ತ ಬಚ್ಚಲ ಒಲೆಯ ಮುಂದೆ ಕುಳಿತ ಚಿಕ್ಕಮ್ಮಂದಿರ ಮುಖಗಳು ಹೀಗೇ ಇದ್ದವು. ಅಲ್ಲೂ ಬೆಳಕು ಒಂದು ಪಕ್ಕದಿಂದಲೇ.

412 ಚಿತ್ರ ತೆಗೆದೆ. ಮೂರನೆಯ ಗಂಟೆಯಲ್ಲಿ ರೂಪದರ್ಶಿಯ ತಾಯಿ ಎದ್ದು ಬಂದು ಪರದೆಯ ಮುಂದೆ ನಿಂತರು. ಬಹಳ ಹೊತ್ತು ನೋಡಿದರು. "ಚೆನ್ನಾಗಿದೆಯಮ್ಮ. ಸ್ವಲ್ಪ ಬೆಳ್ಳಗೆ ಮಾಡಲು ಆಗುತ್ತದಾ? ಒಂದನ್ನು ಬೇರೆ ಕಡೆಗೆ ಕಳಿಸುವುದಿದೆ" ಎಂದರು. ಬೇರೆ ಕಡೆ ಎಂದರೆ ಎಲ್ಲಿ ಎಂದು ಅಲ್ಲಿದ್ದ ಐದೂ ಹೆಂಗಸರಿಗೆ ಗೊತ್ತಿತ್ತು. ಮಗಳು ಥರ್ಮೋಕೋಲ್ ಹಲಗೆ ಕೆಳಗಿಟ್ಟು "ಅಮ್ಮಾ" ಎಂದರು, ಅಷ್ಟೇ. ನನಗೆ ಆ ತಾಯಿಯ ಮೇಲೆ ಸಿಟ್ಟು ಬರಲಿಲ್ಲ. 'ಕಪ್ಪಾದರೂ ಲಕ್ಷಣವಾಗಿದ್ದಾಳೆ' ಎಂಬ ಹೊಗಳಿಕೆಯಲ್ಲಿನ ಆ 'ಆದರೂ' ಅವರು ಹೊಸಿಲುಗಳಲ್ಲಿ ನಿಂತು ಎಷ್ಟು ಸಲ ಕೇಳಿದ್ದಾರೋ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತು. ಟ್ಯೂಬಿನ ಮೇಲಿನ ಪದ ಬದಲಿಸಿದಷ್ಟು ಸಲೀಸಾಗಿ ಹೆಣ್ಣು ನೋಡಲು ಬಂದವರ ಕಣ್ಣು ಬದಲಾಗುವುದಿಲ್ಲ. ಬೆಳ್ಳಗೆ ಮಾಡುವುದಿಲ್ಲ ಎಂದು ಒಪ್ಪಂದದಲ್ಲಿ ಬರೆದುಕೊಂಡಿದ್ದೇವೆ ಎಂದೆ. ನಾಲ್ವರಲ್ಲಿ ಒಬ್ಬಳು ಅವರ ಮಗಳೇ ಎಂದೂ ಹೇಳಿದೆ. ಅವರು ಹೋಗಿ ಕುಳಿತರು.

ನಿಜವಾದ ಜಗಳ ಆಮೇಲಿನದು, ತಿದ್ದುವಾಗ. ಒಂದು ಚಿತ್ರಕ್ಕೆ ನನಗೆ ಎರಡೂವರೆ ಗಂಟೆ ಬೇಕು. ಚರ್ಮದ ನುಣುಪನ್ನೂ ಬಣ್ಣವನ್ನೂ ಬೇರೆ ಬೇರೆ ಪದರವಾಗಿಸಿ ತಿದ್ದುವ ತ್ವರಿತ ವಿಧಾನವಿದೆ, ನನಗೆ ಹಿಡಿಸದು; ಎಚ್ಚರ ತಪ್ಪಿದರೆ ಮುಖ ಮೇಣದ್ದಾಗುತ್ತದೆ. ಚುಕ್ಕಿ ಚುಕ್ಕಿಯಾಗಿ ಬೆಳಕು ಏರಿಸಿ ಇಳಿಸುವ ನಿಧಾನದ ಕೆಲಸವೇ ನನ್ನದು, ಮಾವನ ಪೆನ್ಸಿಲ್ಲೇ ಈಗ ಮೌಸ್ ಆಗಿದೆ. ನನ್ನ ಕಟ್ಟಳೆ ಹಳೆಯದು: ಹದಿನೈದು ದಿನದಲ್ಲಿ ಹೋಗುವಂಥದ್ದನ್ನು ತೆಗೆಯುವುದು, ಇರುವಂಥದ್ದನ್ನು ಬಿಡುವುದು. ಗದ್ದದ ಮೊಡವೆ ಹೋಯಿತು. ಹಣೆಯ ಎಡಭಾಗದ ಸಣ್ಣ ಕುಳಿ ಉಳಿಯಿತು, ಚರ್ಮದ ರಂಧ್ರಗಳು ಉಳಿದವು. ಮೇಕಪ್ ಕಲಾವಿದೆ ಫೋನ್ ಮಾಡಿದರು. "ಅಕ್ಕ, ನಿಮಗೆ ಇದು ಕಲೆ. ನನ್ನ ಗಿರಾಕಿ ಫೋನಿನಲ್ಲಿ ಎರಡು ಬೆರಳಿಟ್ಟು ಹಿಗ್ಗಿಸಿ ನೋಡುತ್ತಾಳೆ. ರಂಧ್ರ ಕಂಡರೆ ಬೇಸ್ ಸರಿ ಕೂತಿಲ್ಲ ಎನ್ನುತ್ತಾಳೆ. ಬೇರೆಯವರೆಲ್ಲ ನುಣ್ಣಗೆ ಮಾಡಿ ಹಾಕುತ್ತಾರೆ, ನಾನೊಬ್ಬಳು ನಿಜ ಹಾಕಿ ಏನು ಮಾಡಲಿ?"

ಅವರ ಮಾತಿಗೆ ನನ್ನಲ್ಲಿ ಸರಿಯಾದ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಜಾಹೀರಾತಿನಲ್ಲಿ ಮೈಯ ಆಕಾರವನ್ನೋ ಚರ್ಮವನ್ನೋ ತಿದ್ದಿದ್ದರೆ ಹಾಗೆಂದು ಚೀಟಿ ಅಂಟಿಸಬೇಕೆಂದು ನಾರ್ವೆ 2021ರಲ್ಲಿ ಕಾನೂನು ಮಾಡಿತು. ಫ್ರಾನ್ಸ್‌ನಲ್ಲಿ 2017ರಿಂದಲೇ ಮೈಯ ಆಕಾರದ ಮಟ್ಟಿಗೆ ಅಂಥದ್ದೊಂದು ನಿಯಮವಿದೆ. ಎಲ್ಲರಿಗೂ ಒಂದೇ ಕಟ್ಟಳೆಯಾದರೆ ನಿಜ ಹೇಳಿದವರು ನಷ್ಟ ಅನುಭವಿಸಬೇಕಿಲ್ಲ. ನಮ್ಮಲ್ಲಿ ಅದು ಅವರವರ ಧೈರ್ಯಕ್ಕೆ ಬಿಟ್ಟದ್ದು, ಮನೆ ಬಾಡಿಗೆ ಕಟ್ಟಬೇಕಾದವರ ಧೈರ್ಯಕ್ಕೆ. ಕೊನೆಗೆ ಅವರ ಆರರಲ್ಲಿ ಎರಡನ್ನು ಕಣ್ಣು ಮತ್ತು ತುಟಿಯ ತೀರ ಹತ್ತಿರದ ಚಿತ್ರಗಳಾಗಿ ಬದಲಿಸಿಕೊಟ್ಟೆ. ಅಲ್ಲಿ ಅವರ ಕೈಚಳಕ ನೇರವಾಗಿ ಕಾಣುತ್ತದೆ, ಕೆನ್ನೆಯ ಪ್ರಶ್ನೆಯೇ ಏಳುವುದಿಲ್ಲ. ಅದು ತೀರ್ಮಾನವಲ್ಲ, ಪಕ್ಕಕ್ಕೆ ಸರಿದದ್ದು. ಕೂದಲಿನವರ ಜಡೆ ಒಂದೇ ಚಿತ್ರದಲ್ಲಿ ಪೂರ್ತಿ ಬಂದಿದೆ, ಅವರು ಇನ್ನೂ ಅದನ್ನು ಆಡಿ ತೋರಿಸುತ್ತಾರೆ.

ರೂಪದರ್ಶಿ ಆರಿಸಿದ್ದು ನಾನು ಬದಿಗಿಟ್ಟಿದ್ದ ಒಂದನ್ನು. ಕಣ್ಣು ಅರ್ಧ ಮುಚ್ಚಿ, ಪಟ್ಟದ ಗೊಂಬೆಯ ಮಾತಿಗೆ ಮತ್ತೆ ನಗುತ್ತಿರುವ ಚಿತ್ರ. ಅದನ್ನು ಹತ್ತು ಹನ್ನೆರಡು ಇಂಚಿಗೆ ಪ್ರಿಂಟ್ ಹಾಕಿಸಿ ಕೊಡುತ್ತೇನೆಂದು ಒಪ್ಪಿ ಲ್ಯಾಬೊಂದಕ್ಕೆ ಕಳಿಸಿದೆ. ಬಿಡಿಸಿ ನೋಡಿದರೆ ಯಾರೋ ಬೇರೆಯವರು. ಹಸಿರು ಬಟ್ಟೆ ಮಾಸಿದೆ, ಹೊಳಪು ಹೋಗಿದೆ, ಮುಖ ಬೆಳ್ಳಗಾಗಿದೆ. ಕೌಂಟರಿನ ಹುಡುಗ ನನ್ನ ಮುಖ ನೋಡಿ ಗಾಬರಿಯಾದ. "ಮೇಡಂ, ಮುಖ ಕಂಡರೆ ಮಿಷನ್ ತಾನೇ ಕರೆಕ್ಷನ್ ಮಾಡುತ್ತದೆ. ಮಾಡದಿದ್ದರೆ ಗಿರಾಕಿಗಳು ವಾಪಸ್ ತರುತ್ತಾರೆ." ಕರೆಕ್ಷನ್ ಬೇಡ ಎಂದು ಚೀಟಿಯ ಮೇಲೆ ದೊಡ್ಡದಾಗಿ ಬರೆದು ಇನ್ನೊಂದು ಹಾಕಿಸಿದೆ.

ಎರಡನ್ನೂ ತುಮಕೂರಿಗೆ ಒಯ್ದೆ, ಯಾಕೆಂದು ಕೇಳಿದರೆ ಹೇಳಲಾರೆ. ಮಗಳು ಬ್ಯಾಂಕಿನಿಂದ ಇನ್ನೂ ಬಂದಿರಲಿಲ್ಲ. ತಾಯಿ ಟ್ಯೂಬ್‌ಲೈಟಿನ ಕೆಳಗೆ ಎರಡನ್ನೂ ಮಂಚದ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಕುಳಿತರು. ಬೆಳ್ಳನೆಯದನ್ನು ಮೊದಲು ಎತ್ತಿಕೊಂಡರು. ಆಮೇಲೆ ಇನ್ನೊಂದನ್ನು ಹತ್ತಿರಕ್ಕೆಳೆದು, ಹಣೆಯ ಎಡಭಾಗದ ಕುಳಿಯ ಮೇಲೆ ಬೆರಳಿಟ್ಟರು. ಲ್ಯಾಬಿನ ಯಂತ್ರ ಅದನ್ನೂ ಅಳಿಸಿಹಾಕಿತ್ತು.

"ಇದು ಅಮ್ಮ ಎದ್ದಾಗ ಆದದ್ದು. ಮೂರನೆಯ ಕ್ಲಾಸು. ಹನ್ನೊಂದು ದಿನ ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದೆ, ಕೆರೆಯಬೇಡ ಎಂದರೂ ಇದೊಂದನ್ನು ಕೆರೆದುಕೊಂಡುಬಿಟ್ಟಳು" ಎಂದರು. ಎದ್ದು ಹೋಗಿ ಚಕ್ಕುಲಿ ಡಬ್ಬಿ ತಂದು ಮುಚ್ಚಳ ತೆಗೆಯುತ್ತ, ಪ್ರಿಂಟಿಗೆ ಎಷ್ಟು ಕೊಟ್ಟಿರಿ ಎಂದು ಕೇಳಿದರು.